ಆಫರ್ ಲೆಟರ್ ಮೀಮಾಂಸೆ: ಕಂಪನಿ ಮನೆ ಪ್ರಕರಣ ಸಹಿತ

ಹಿಂದಿನ ಶಾಸ್ತ್ರಕಾರರು ಗ್ರಂಥಕ್ಕೆ ಕೈ ಹಚ್ಚುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕಿತ್ತು. ವಿಷಯ ಯಾವುದು, ಪ್ರಯೋಜನವೇನು, ಇವೆರಡರ ಸಂಬಂಧವೇನು, ಓದಲು ಅಧಿಕಾರಿ ಯಾರು. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಪ್ರಸ್ತುತ ಶಾಸ್ತ್ರದ ವಿಷಯ, ಗಲ್ಫ್ ದೇಶದಿಂದ ವಾಟ್ಸಾಪಿಗೆ ಬಂದಿಳಿದ ಮೂರು ಪುಟದ ಆಫರ್ ಲೆಟರ್. ಪ್ರಯೋಜನ, ಹೋಗುವುದೋ ಬಿಡುವುದೋ ಎಂಬ ನಿರ್ಣಯ. ಸಂಬಂಧ, ಹೆಂಡತಿಯ ಕಡೆಯವರು. ಅಧಿಕಾರಿ, ಹತ್ತನೇ ತರಗತಿ ಪಾಸಾದವನು.

ಕೊನೆಯದು ಕುಚೋದ್ಯವಲ್ಲ. 1983ರ ಎಮಿಗ್ರೇಷನ್ ಕಾಯ್ದೆಯ ಏರ್ಪಾಡಿನಲ್ಲಿ ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟು ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂಥವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಅಧಿಕಾರಿಯೊಬ್ಬರು ಕರಾರುಪತ್ರ ನೋಡಿ ಅನುಮತಿ ಕೊಡಬೇಕು. ವೇದಾಂತಕ್ಕೆ ಶಮ, ದಮ, ತಿತಿಕ್ಷೆ ಬೇಕು. ಅರಬ್ ದೇಶಕ್ಕೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಸಾಕು. ಸೂಕ್ಷ್ಮವಾಗಿ ನೋಡಿದರೆ ಇದರಲ್ಲೊಂದು ವಿಪರ್ಯಾಸವಿದೆ. ಫೇಲಾದವನ ಕರಾರನ್ನು ಸರ್ಕಾರ ಓದುತ್ತದೆ. ಪಾಸಾದವನು ತನ್ನದನ್ನು ತಾನೇ ಓದಿಕೊಳ್ಳಬೇಕು.

ಪಾಸಾದ ಈ ಅಧಿಕಾರಿಗೊಂದು ಹೆಸರು ಬೇಕಲ್ಲ. ತರ್ಕಶಾಸ್ತ್ರದಲ್ಲಿ ಉದಾಹರಣೆ ಬೇಕಾದಾಗಲೆಲ್ಲ ಎಳೆದು ತಂದು ನಿಲ್ಲಿಸುವ ದೇವದತ್ತ ಎಂಬ ಬಡಪಾಯಿಯೊಬ್ಬನಿದ್ದಾನೆ. ಶತಮಾನಗಳಿಂದ ಪಂಡಿತರು ಅವನನ್ನು ಹಗಲು ಉಪವಾಸ ಕೆಡವಿದ್ದಾರೆ, ಮನೆಯಲ್ಲಿಲ್ಲವೆಂದು ಸಾಧಿಸಿದ್ದಾರೆ. ಸಂಬಳ ಮಾತ್ರ ಕೊಟ್ಟಿಲ್ಲ. ಪ್ರಬಂಧಕಾರ ಅವನಿಗೆ ಮೊಟ್ಟಮೊದಲ ನೌಕರಿ ಕೊಡಿಸಲು ನಿರ್ಧರಿಸಿದ್ದಾನೆ. ದೇವದತ್ತ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯವನು ಎಂದಿಟ್ಟುಕೊಳ್ಳೋಣ. ಊರವರ ಬಾಯಲ್ಲಿ ದ್ಯಾವಣ್ಣ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ತುಮಕೂರಿನಾಚೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟು ದುಡಿಯುತ್ತಾನೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರು, ಇಬ್ಬರು ಮಕ್ಕಳು, ವಯಸ್ಸಾದ ಅವ್ವ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬ್ಯಾಂಕಿನ ನೋಟೀಸು ಬೆಳೆಯುವ ಮೂರು ಎಕರೆ ಹೊಲ.

ಊರಿನ ಪಂಡಿತರಲ್ಲಿ ಎರಡು ಪಂಥ. ಬಸ್ ನಿಲ್ದಾಣದ ಟೀ ಅಂಗಡಿಯ ಮುಂದೆ ಬೆಳೆದ ಗಮನವಾದಿಗಳು ಹೇಳುವುದಿಷ್ಟೇ: "ಓಗ್ಲಾ ದ್ಯಾವ, ಇಲ್ಲೇನೈತೆ?" ಇದೇ ಅವರ ಸೂತ್ರ, ಇದೇ ಭಾಷ್ಯ. ಗುರುಗುಂಡಬ್ರಹ್ಮೇಶ್ವರ ಸ್ವಾಮಿ ಮಠದ ದಿಕ್ಕಿನ ಕಟ್ಟೆಯ ಮೇಲೆ ಕೂತ ಸ್ಥಿತಿವಾದಿಗಳದು ಇನ್ನೂ ಸಂಕ್ಷಿಪ್ತ: "ಅಲ್ಲೇನೈತೆ?" ಎರಡು ಪಂಥಗಳ ನಡುವಿನ ವ್ಯತ್ಯಾಸ ಒಂದೇ ಅಕ್ಷರದ್ದಾದ್ದರಿಂದ ವಾದ ಜಾತ್ರೆಯಿಂದ ಜಾತ್ರೆಗೆ ಮುಂದೂಡಲ್ಪಡುತ್ತ ಬಂದಿದೆ.

ಪರದೇಶದ ಪೋಸ್ಟಿಂಗು ಶಿರಾ ಸೀಮೆಗೆ ಹೊಸತೇನಲ್ಲ; ಆಗ ಸಾಗಾಟ ತಿರುಗಾಮುರುಗಾ ಇತ್ತು, ಅಷ್ಟೆ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಮಲಿಕ್ ರಿಹಾನ್ ಇಲ್ಲಿನ ಅಧಿಕಾರಿಯಾಗಿ ಬಂದ. ತಿರುಗಿ ಹೋಗಲಿಲ್ಲ, 1651ರ ಅವನ ಗೋರಿ ಶಿರಾದಲ್ಲೇ ಇದೆ. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ ರಾಜಧಾನಿ ಮಾಡಿ ಕಾಸಿಂ ಖಾನನನ್ನು ಕಳಿಸಿದರು. ಮುಂದೆ 1726ರಿಂದ 1756ರವರೆಗೆ ದಿಲಾವರ್ ಖಾನ್ ಸುಬೇದಾರ. ಮೂವತ್ತು ವರ್ಷದ ಕಾಂಟ್ರ್ಯಾಕ್ಟು, ವಸತಿ ಉಚಿತ. ಅವನ ಕಂಪನಿ ಮನೆ ಎಷ್ಟು ಚೆನ್ನಾಗಿತ್ತೆಂದರೆ, ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಾಯಿತೆಂದೂ ಲಾಲ್‌ಬಾಗಿನ ಕಲ್ಪನೆ ಇಲ್ಲಿನ ಖಾನ್ ಬಾಗಿನಿಂದ ಬಂದಿರಬಹುದೆಂದೂ ಗ್ಯಾಸೆಟಿಯರುಗಳು ಬರೆದಿವೆ. ಅವನ ಕಾಲದಲ್ಲಿ ಶಿರಾದಲ್ಲಿ 50,000 ಮನೆಗಳಿದ್ದವೆಂಬ ಮಾತೂ ಅಲ್ಲೇ ಇದೆ.

ಆಮೇಲೆ ನಡೆದದ್ದು ಆಫರ್ ಲೆಟರ್ ಇಲ್ಲದ ನೇಮಕಾತಿ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಎಂಬ ಹೊಸ ಪೇಟೆಗೆ ಜನ ಬೇಕಾದಾಗ ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ. ಕುಟುಂಬ ಸಮೇತ, ವಸತಿ ಸಮೇತ, ಸಹಿಗೆ ಜಾಗವಿಲ್ಲ. ದೇವದತ್ತನ ಪತ್ರದ ಕೊನೆಯಲ್ಲಿ ಕನಿಷ್ಠ ಒಂದು ಚುಕ್ಕಿಗೆರೆಯಾದರೂ ಇದೆ ಎಂಬುದನ್ನು ಗಮನವಾದಿಗಳು ತಮ್ಮ ಪರವಾಗಿ ಉಲ್ಲೇಖಿಸುತ್ತಾರೆ.

ಕಂಪನಿ ಮನೆಯ ವಿಚಾರದಲ್ಲಿ ಕನ್ನಡ ನಾಡಿನ ಆಕರಗ್ರಂಥವೆಂದರೆ ಕೋಲಾರದ ಚಿನ್ನದ ಗಣಿ. 1880ರಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂತು. ಇಂಗ್ಲೆಂಡಿನ ಕಾರ್ನ್‌ವಾಲಿನಂಥ ಗಣಿಸೀಮೆಗಳ ಯುವಕರು ತಮ್ಮೂರಲ್ಲಿ ಕೂತು ಇದೇ ದೇವದತ್ತನ ಲೆಕ್ಕ ಹಾಕಿರಬೇಕು: ಸಂಬಳ ಎಷ್ಟು, ಮನೆ ಕೊಡುತ್ತಾರಾ, ಹೆಂಡತಿಗೆ ಹವಾ ಒಗ್ಗೀತಾ. ಮನೆ ಕೊಟ್ಟರು; ಅಂಗಳ, ತೋಟ, ಕ್ಲಬ್ಬು ಇದ್ದ ಬಂಗಲೆಗಳು. ಶಿವನಸಮುದ್ರದ ಕರೆಂಟು 1902ರಲ್ಲಿ ಗಣಿಗೆ ಹರಿಯಿತು, ಬೆಂಗಳೂರಿನ ಬೀದಿಗಿಂತ ಮೂರು ವರ್ಷ ಮೊದಲು. ಅದೇ ಗಣಿಯ ಆಳಕ್ಕಿಳಿದ ತಮಿಳು, ತೆಲುಗು ಕೂಲಿಗಳಿಗೂ ಕಂಪನಿ ವಸತಿ ಕೊಟ್ಟಿತು: ಸಾಲುಮನೆಗಳ 'ಲೈನು'. ಇಲ್ಲಿಂದ ಶಾಸ್ತ್ರದ ಮೊದಲ ಸೂತ್ರ ಹೊರಡುತ್ತದೆ: ಕಂಪನಿ ಮನೆ ಎಂಬುದು ಒಂದಲ್ಲ, ಎರಡು. ಇವತ್ತಿನ ಗಲ್ಫಿನಲ್ಲೂ ಹಾಗೆಯೇ. ಕರಾರಿನಲ್ಲಿ 'ಫ್ಯಾಮಿಲಿ ಸ್ಟೇಟಸ್' ಎಂದಿದ್ದವನಿಗೆ ಫ್ಲ್ಯಾಟು ಅಥವಾ ವಿಲ್ಲಾ. 'ಬ್ಯಾಚುಲರ್' ಎಂದಿದ್ದವನಿಗೆ, ಅವನು ಮೂರು ಮಕ್ಕಳ ತಂದೆಯಾಗಿದ್ದರೂ, ಲೇಬರ್ ಕ್ಯಾಂಪಿನ ಮಂಚ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋದರೂ ಕ್ವಾರ್ಟರ್ಸ್ ಬಿಡದೆ ಉಳಿದ ಕುಟುಂಬಗಳು ಅಲ್ಲಿ ಇಂದಿಗೂ ಇವೆ. ಎರಡನೆಯ ಸೂತ್ರಕ್ಕೆ ಅದು ಅಪವಾದ. ಆ ಸೂತ್ರವನ್ನು ಮುಂದೆ ದೇವದತ್ತನ ಅವ್ವ ಹೇಳಲಿದ್ದಾಳೆ.

ಇನ್ನು ಪ್ರಮಾಣ ಪರೀಕ್ಷೆ. ಭಾಟ್ಟ ಮೀಮಾಂಸಕರು ಜ್ಞಾನಕ್ಕೆ ಆರು ದಾರಿ ಹೇಳಿದ್ದಾರೆ. ಪ್ರತ್ಯಕ್ಷದಲ್ಲಿ ಕಾಲಹರಣ ಮಾಡಬೇಕಾಗಿಲ್ಲ: ಮನೆಯ ಫೋಟೋ ವಾಟ್ಸಾಪಿನಲ್ಲಿ ಬಂದಿದೆ, ಸೋಫಾ ಇದೆ. ಅನುಮಾನ ದೇವದತ್ತನ ಮಾವನಿಗೆ ಹುಟ್ಟಿನಿಂದಲೇ ಇದೆ.

ಉಪಮಾನ ಸ್ವಲ್ಪ ತೊಡಕಿನದು. ಹಸುವಿನಂತಿರುವ ಕಾಡುಪ್ರಾಣಿಯನ್ನು ಕಂಡರೆ ಅದು ಗವಯ ಎಂದು ತಿಳಿ, ಎಂಬುದು ಶಾಸ್ತ್ರದ ಉದಾಹರಣೆ. ಏಜೆಂಟು ದೇವದತ್ತನಿಗೆ "ದುಬೈ ಇದ್ದಂಗೇ ಸಾರ್" ಎಂದಿದ್ದಾನೆ. ಪತ್ರದಲ್ಲಿರುವ ಊರು ರುವೈಸ್. ಅಬುಧಾಬಿ ನಗರದಿಂದ ಪಶ್ಚಿಮಕ್ಕೆ ಸುಮಾರು 240 ಕಿ.ಮೀ., ಸಮುದ್ರದಂಚಿನ ಮರಳಿನಲ್ಲಿ ತೈಲ ಶುದ್ಧೀಕರಣ ಘಟಕ, ಅದರ ಮಗ್ಗುಲಲ್ಲಿ ಅಲ್ಲಿನ ಸರ್ಕಾರಿ ತೈಲ ಕಂಪನಿ ನೌಕರರಿಗೆಂದು ಕಟ್ಟಿಸಿದ ಟೌನ್‌ಶಿಪ್. ಶಾಲೆ, ಆಸ್ಪತ್ರೆ, ಪಾರ್ಕು, ಅಂಗಡಿ ಎಲ್ಲ ಉಂಟು, ದುಬೈ ಒಂದಿಲ್ಲ. ಇದು ನಿಂದೆಯಲ್ಲ. ಮಕ್ಕಳು ರಸ್ತೆಯಲ್ಲಿ ಸೈಕಲ್ ಹೊಡೆಯಬಹುದಾದ, ಅಕ್ಕಪಕ್ಕದವರೆಲ್ಲ ಒಂದೇ ಸೈರನ್ನಿಗೆ ಏಳುವ ಇಂಥ ಊರುಗಳಲ್ಲಿ ಸಂಸಾರ ಸುಸೂತ್ರ ನಡೆಸಿದ ಕನ್ನಡಿಗರಿದ್ದಾರೆ. ಗವಯ ಒಳ್ಳೆಯ ಪ್ರಾಣಿಯೇ. ಹಾಲು ಕರೆಯಲು ಹೋಗಬಾರದು, ಅಷ್ಟೆ.

ಶಬ್ದ ಪ್ರಮಾಣವೆಂದರೆ ಆಪ್ತನ ಮಾತು. ಆಪ್ತ ಯಾರು ಎಂಬುದರಲ್ಲಿ ನೈಯಾಯಿಕರು ಬಹಳ ತಲೆ ಕೆಡಿಸಿಕೊಂಡಿದ್ದರು. ಭಾರತ ಸರ್ಕಾರ ಸುಲಭ ಮಾಡಿದೆ. ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿದ ಏಜೆಂಟು ಆಪ್ತ, ಉಳಿದವರು ಅನಾಪ್ತರು. ಆಪ್ತನೂ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಎರಡು ಲಕ್ಷ ಕೇಳಿದವನ ವಾಕ್ಯ, ಎಷ್ಟೇ ಇಂಪಾಗಿದ್ದರೂ, ಪ್ರಮಾಣವಲ್ಲ.

ಅರ್ಥಾಪತ್ತಿಗೆ ಬಂದಾಗ ದೇವದತ್ತ ಮೈಕೊಡವಿ ಎದ್ದು ನಿಲ್ಲುತ್ತಾನೆ. ಅದು ಅವನ ಸ್ವಂತ ಪ್ರಮಾಣ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಶಾಸ್ತ್ರಪ್ರಸಿದ್ಧ. ಈಗ ಇದನ್ನೇ ಸಂಬಳಕ್ಕೆ ಹಚ್ಚಿರಿ. ಪತ್ರದಲ್ಲಿ ಒಟ್ಟು ಸಂಬಳ 10,000 ದಿರ್ಹಂ, ಅಂದರೆ ದಪ್ಪ. ಬೇಸಿಕ್ ಮಾತ್ರ 4,000, ಅಂದರೆ ಉಪವಾಸ. ಹಾಗಾದರೆ ಉಳಿದದ್ದನ್ನು ರಾತ್ರಿ ಉಣ್ಣುತ್ತಿರುವವರು ಯಾರು? ಯುಎಇ ಕಾನೂನಿನಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಬೇಸಿಕ್. ಅಲೋಯನ್ಸುಗಳು ಲೆಕ್ಕಕ್ಕಿಲ್ಲ. ಐದು ವರ್ಷ ದುಡಿದ ದೇವದತ್ತನಿಗೆ ಕೈಗೆ ಬರುವುದು 14,000 ದಿರ್ಹಂ. ಇಡೀ 10,000ವೂ ಬೇಸಿಕ್ ಆಗಿದ್ದರೆ ಬರುತ್ತಿದ್ದದ್ದು 35,000. ನಡುವಿನ 21,000 ದಿರ್ಹಂಗೆ ಮೀಮಾಂಸೆಯ ಭಾಷೆಯಲ್ಲಿ ರಾತ್ರಿಯೂಟವೆಂದು ಹೆಸರು.

ಸೌದಿ ಅರೇಬಿಯಾದಲ್ಲಿ ಊಟ ಹಗಲಲ್ಲೇ ನಡೆಯುತ್ತದೆ. 2017ರ ಜುಲೈನಿಂದ ಅಲ್ಲಿ ವಿದೇಶಿ ನೌಕರನ ಮೇಲೆ ಅವಲಂಬಿತರಾದ ಪ್ರತಿಯೊಬ್ಬರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು; ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್, ಅಪ್ಪನೆನಿಸಿಕೊಂಡದ್ದಕ್ಕೆ. ಹಲವರು ಸಂಸಾರವನ್ನು ಊರಿಗೆ ಕಳಿಸಿ ಮತ್ತೆ ಬ್ಯಾಚುಲರುಗಳಾದರು. ಶಿರಾದ ಪಕ್ಕದ ಕಗ್ಗಲಡುವಿಗೆ ಪ್ರತಿ ವರ್ಷ ಮರಿ ಮಾಡಲು ಬರುವ ಬಣ್ಣದ ಕೊಕ್ಕರೆಗಳಿಗೆ ಊರಿನ ಹುಣಸೆಮರಗಳಲ್ಲಿ ಫ್ಯಾಮಿಲಿ ಕ್ವಾರ್ಟರ್ಸ್ ಸಿಗುತ್ತದೆ, ಮರಿಗಿಷ್ಟು ಎಂದು ಯಾರೂ ವಸೂಲಿ ಮಾಡುವುದಿಲ್ಲ. ಸ್ಥಿತಿವಾದಿಗಳು ಈ ದೃಷ್ಟಾಂತವನ್ನು ಬಹಳ ಮೆಚ್ಚುತ್ತಾರೆ. ಆ ಕೊಕ್ಕರೆಗಳು ಒಂದೇ ಕಡೆ ಇರುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ.

ಕೊನೆಯ ಪ್ರಮಾಣ ಅನುಪಲಬ್ಧಿ. ಇರಬೇಕಾದದ್ದು ಕಾಣದಿದ್ದರೆ ಅದು ಇಲ್ಲವೆಂದು ತಿಳಿಯುವುದು. ಪ್ರಬಂಧಕಾರನಿಗೆ ಆರರಲ್ಲಿ ಇದೇ ಹೆಚ್ಚಿನದು. ಮೂರು ಪುಟದಲ್ಲಿ ದೇವದತ್ತನಿಗೆ ಬೂಟು, ಹೆಲ್ಮೆಟ್ಟು, ವಿಮಾನದ ಟಿಕೇಟು, ಮೂವತ್ತು ದಿನದ ರಜೆ ಎಲ್ಲ ಕಾಣುತ್ತವೆ. ಟೀಚರು ಕೆಲಸ ಬಿಟ್ಟು ಹೋಗುವ ಹೆಂಡತಿಯ ಸಂಬಳ ಯಾವ ಸಾಲಿನಲ್ಲೂ ಕಾಣುವುದಿಲ್ಲ. ಅಲ್ಲಿ ಅವಳು 'ಡಿಪೆಂಡೆಂಟ್'. ಇಲ್ಲಿ ಅವಳ ಸಂಬಳದಿಂದಲೇ ಚೀಟಿ ಕಟ್ಟುತ್ತಿದ್ದರು ಎಂಬುದು ಬೇರೆ ಮಾತು. ಮಕ್ಕಳ ಕನ್ನಡ ಕಾಣುವುದಿಲ್ಲ. ಯುಎಇಯಲ್ಲಿ ಕನ್ನಡಿಗರು ಸೇರಿ ನಡೆಸುವ ಕನ್ನಡ ಪಾಠಶಾಲೆ ಇದೆ. ಇರುವುದು ದುಬೈಯಲ್ಲಿ, ಉಪಮಾನದ ದುಬೈಯಲ್ಲಲ್ಲ. ರಾತ್ರಿ ಎದೆನೋವು ಬಂದರೆ ಅವ್ವನನ್ನು ಶಿರಾ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂಬುದು ಕಾಣುವುದಿಲ್ಲ.

ಪತ್ರವನ್ನು ಮೂರು ಸಲ ಓದಿಸಿಕೊಂಡ ಅವ್ವ ಕೇಳಿದ್ದು ಒಂದೇ. "ಕೆಲ್ಸ ಬುಟ್ರೆ ಮನೆ?"

"ಮನೇನೂ ಬಿಡ್ಬೇಕವ್ವ."

"ಅಂಗಾದ್ರೆ ಅದು ಮನೆಯಲ್ಲ ಕಣಪ್ಪ, ಸಂಬ್ಳ."

ಇದೇ ಎರಡನೆಯ ಸೂತ್ರ. ಇದಕ್ಕೆ ಯುಎಇ ಸರ್ಕಾರದ ಬೆಂಬಲವೂ ಇದೆ. ಅಲ್ಲಿ ಸಂಸಾರವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ಸಂಬಳವಿರಬೇಕು, ಇಲ್ಲವೇ 3,000 ದಿರ್ಹಂ ಜೊತೆಗೆ ಕಂಪನಿ ವಸತಿ. ಕಳೆದು ನೋಡಿದರೆ ಮನೆಯ ಬೆಲೆ 1,000 ದಿರ್ಹಂ. ಕೆಲಸ ಹೋದ ಮೇಲೆ ದೇಶದಲ್ಲಿ ಉಳಿಯಲು ಹಿಂದೆ 30 ದಿನ ಕೊಡುತ್ತಿದ್ದರು, ಈಗ ವೀಸಾದ ದರ್ಜೆ ನೋಡಿ 60ರಿಂದ 180 ದಿನ. ಆದರೆ ಕಂಪನಿ ಮನೆಯ ಬೀಗದ ಕೈಯನ್ನು ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ 30 ದಿನದೊಳಗೆ ಹಿಂದಿರುಗಿಸಬೇಕು, ಹೆಚ್ಚು ದಿನ ಇರಲು ಕಂಪನಿ ಒಪ್ಪಬೇಕು. ಶಾಲೆಯ ವರ್ಷ ಮುಗಿಯುವವರೆಗೆ ಕಾಯುವ ಹೊಣೆ ಅದಕ್ಕಿಲ್ಲ.

ಇಷ್ಟಾದರೂ ದೇವದತ್ತ ಹೋಗಬೇಕೆಂದಿರುವುದು ಸೋಫಾಕ್ಕಲ್ಲ, ಹೊಲಕ್ಕೆ. ಐದು ವರ್ಷ ದುಡಿದು ಪಕ್ಕದ ಎರಡು ಎಕರೆ ಸೇರಿಸಿಕೊಂಡು ಅಡಿಕೆ ಹಾಕುವುದು ಅವನ ಪರಮ ಪುರುಷಾರ್ಥ. ಇಲ್ಲಿ ವಿದೇಶಿ ವಿನಿಮಯದ ಶಾಸ್ತ್ರ, ಅಂದರೆ 1999ರ ಫೆಮಾ ಕಾಯ್ದೆ, ಅಡ್ಡ ಬರುತ್ತದೆ. ಅನಿವಾಸಿ ಭಾರತೀಯ ಊರಲ್ಲಿ ಮನೆ ಕೊಳ್ಳಬಹುದು, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿಂದಿನಿಂದ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು. ಹೊಲ ಕೊಳ್ಳಲೆಂದು ಹೋದವನು ಹೋದದ್ದರಿಂದಲೇ ಹೊಲ ಕೊಳ್ಳಲಾರ. ದುಡ್ಡು ಹಿಡಿದು ತಿರುಗಿ ಬಂದು ನೆಲೆಸಿದ ಮೇಲೇ ಕೊಳ್ಳಬೇಕು. ಅಷ್ಟರಲ್ಲಿ ಪಕ್ಕದ ಎರಡು ಎಕರೆಯವನು ಅದನ್ನು ಬಾಮೈದನಿಗೆ ಕೊಟ್ಟಿರುತ್ತಾನೆ. ಅನ್ಯೋನ್ಯಾಶ್ರಯ ದೋಷಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಪ್ರಬಂಧಕಾರನಿಗೆ ಎಲ್ಲೂ ಸಿಕ್ಕಿಲ್ಲ.

ನಿರ್ಣಯ: ದೇವದತ್ತ ಹೋಗಬಹುದು. ಆದರೆ ಸಹಿಗೆ ಮುಂಚೆ ಬೇಸಿಕ್ ಎಷ್ಟು, ಸ್ಟೇಟಸ್ ಫ್ಯಾಮಿಲಿಯೋ ಬ್ಯಾಚುಲರೋ, ಕೆಲಸ ಮುಗಿದ ಮೇಲೆ ಮನೆ ಬಿಡಲು ಎಷ್ಟು ದಿನ ಎಂಬ ಮೂರನ್ನು ಬರಹದಲ್ಲಿ ತರಿಸಿಕೊಂಡು ಮನೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಹೆಂಡತಿಯ ಸಂಬಳವನ್ನು ಖರ್ಚಿನ ಕಾಲಮ್ಮಿನಲ್ಲಿ ಬರೆದುಕೊಂಡೇ ಲಾಭ ಕೂಡಬೇಕು. ಏಜೆಂಟನ ನೋಂದಣಿ ಅಸಲಿಯೋ ಅಲ್ಲವೋ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.