ಹೋದ ವರ್ಷಕ್ಕೊಂದು ಮೆಸೇಜು

2011ರಲ್ಲಿ ಬಂದ ‘ಸ್ಟೈನ್ಸ್;ಗೇಟ್’ ಎಂಬ ಜಪಾನಿ ಅನಿಮೆಯನ್ನು ಹಿರೇಕೆರೂರಿನ ನನ್ನ ಅಳಿಯ ಊಟ ಬಿಟ್ಟು ನೋಡಿದ. ಅದರಲ್ಲಿ ಓಕಾಬೆ ಎಂಬ ಅರೆಹುಚ್ಚ ಮೈಕ್ರೋವೇವಿಗೆ ಮೊಬೈಲ್ ಜೋಡಿಸಿ, ಕಳೆದುಹೋದ ದಿನಗಳಿಗೆ ಮೆಸೇಜು ಕಳಿಸುತ್ತಾನೆ. ಕಳಿಸಿದ್ದೇ ತಡ, ಜಗತ್ತೇ ಬೇರೆ; ಹಳೆಯದು ನೆನಪಿರುವುದು ಅವನೊಬ್ಬನಿಗೆ. ಹುಡುಗಿಯೊಬ್ಬಳು ಸತ್ತ ಅಪ್ಪನನ್ನು ಉಳಿಸಿಕೊಳ್ಳಹೋದರೆ, ಅಕಿಹಬಾರಾ ಪೇಟೆಯ ಅನಿಮೆ ಅಂಗಡಿಗಳೇ ಮಾಯ!

“ಮಾಮಾ, ನಿಮಗ ಅಂಥಾ ಮಷೀನ್ ಸಿಕ್ಕರ?”

“ಹೋದ ವರ್ಷಕ್ಕ ಬರೀತೀನಿ: ಗೋವಿನಜೋಳ ಬ್ಯಾಡ, ಹತ್ತಿ ಹಾಕು.”

“ಹಾನಗಲ್ಲಿನವರು, ಶಿಗ್ಗಾವಿಯವರು ಎಲ್ಲಾರೂ ಅದನ್ನ ಬರದ್ರ?”

ಅದೂ ಖರೇನೇ. ಎಲ್ಲರೂ ಹತ್ತಿ ಹಾಕಿದರೆ ದರ ನೆಲ ಕಚ್ಚಿ, ಮತ್ತೆ ಮೈಕ್ರೋವೇವಿನ ಮುಂದೆ ಪಾಳಿ. ಯಾರಾದರೂ 1997ಕ್ಕೆ ಕೈ ಹಾಕಿದರಂತೂ ನಮ್ಮ ಹಾವೇರಿ ಜಿಲ್ಲೆಯೇ ಹುಟ್ಟದೆ ನಾವು ಇನ್ನೂ ಧಾರವಾಡದ ಬಸ್ಸಿನಲ್ಲಿ. ಸವಣೂರ ನವಾಬರ ಕಾಲ ತಿದ್ದುವುದಂತೂ ಬೇಡವೇ ಬೇಡ, ಅಲ್ಲಿನ ಖಾರದ ತಿನಿಸು ಕೈತಪ್ಪೀತು.

ಕಾಲದ ಈ ಆಟ ನಮಗೇನೂ ಹೊಸದಲ್ಲ: ನಮ್ಮ ಪುರಾಣದ ಕಕುದ್ಮಿ ರಾಜ ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿದ್ದ. ಅಲ್ಲಿ ಹಾಡು ಮುಗಿಯಲೆಂದು ತುಸು ಕೂತದ್ದಕ್ಕೆ ಇಲ್ಲಿ ಯುಗಗಳೇ ಕಳೆದು, ಮನಸ್ಸಿನಲ್ಲಿಟ್ಟ ವರರೆಲ್ಲ ಕಾಲವಾಗಿದ್ದರು. ಅದಕ್ಕೆ ಬ್ರಹ್ಮಲೋಕವೇ ಯಾಕೆ? “ಸಾಹೇಬ್ರು ಈಗ ಬರ್ತಾರ, ಕುಂದರ್ರಿ” ಅನ್ನುವ ಯಾವ ಕಚೇರಿಯಾದರೂ ಸಾಕು.