ದಾರೀಲೇ ಇದೆಯಲ್ಲ!

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಈ ಕಡೆಯ ಯಾವ ಅಡ್ಡರಸ್ತೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಬೆಳಿಗ್ಗೆ ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಹಾಲಿನ ಚೀಲ, ಯಾರದೋ ಹೊಸ ಕಟ್ಟಡದ ಮುಂದೆ ನಿಂತು ಕಬ್ಬಿಣದ ರೇಟು ವಿಚಾರಿಸುವ ಅಭ್ಯಾಸ. ಸರ್ಕಾರಿ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಜೀವ ಸವೆಸಿ ನಿವೃತ್ತರಾದವರು. ಹೆಂಡತಿಗೆ ‘ರೀ’, ಮೊಮ್ಮಕ್ಕಳಿಗೆ ತಾತ, ಬೀದಿಗೆಲ್ಲ ಯಜಮಾನ್ರು. ವರ್ಷವಿಡೀ ಇವರಷ್ಟು ನಿಧಾನಸ್ಥರು ಇನ್ನೊಬ್ಬರಿಲ್ಲ. ಒಂದು ದಿನ ಮಾತ್ರ ಇವರನ್ನು ಹಿಡಿಯಲಾಗದು: ಬೇಸಿಗೆ ರಜೆಗೆ ಸಂಸಾರ ಸಮೇತ ಟಿ.ಟಿ. (ಟೆಂಪೋ ಟ್ರಾವೆಲರ್) ಮಾಡಿಕೊಂಡು ಗೋಕರ್ಣಕ್ಕೆ ಹೋಗಿ, ವಾಪಸು ಹೊರಡುವ ದಿನ.

ಅವತ್ತು ಯಜಮಾನರ ಮುಖದಲ್ಲಿ ಮಾರ್ಚ್ 31ರ ಕಳೆ. ಬಿಡುಗಡೆಯಾದ ಅನುದಾನ ಸಂಜೆಯೊಳಗೆ ಖರ್ಚಾಗದಿದ್ದರೆ ವಾಪಸು ಹೋಗುತ್ತದಲ್ಲ, ಆ ಭಯ. ಸಮುದ್ರ, ಸೂರ್ಯ, ಎ.ಸಿ., ಬಿಸಿನೀರು, ಬಿಟ್ಟಿ ತಿಂಡಿ, ಯಾವುದೂ ಬಾಕಿ ಉಳಿಯಕೂಡದು. ಹಾಗಾದರೆ ಅಷ್ಟು ದಿನ ಏನು ಮಾಡಿದರು? ಬಂದ ದಿನ ಪ್ರಯಾಣದ ಸುಸ್ತು. ಮರುದಿನ ಮಹಾಬಲೇಶ್ವರನ ದರ್ಶನ, ಊಟ, ನಿದ್ದೆ. ಅದರ ಮರುದಿನ ರೂಮಲ್ಲಿ ಎ.ಸಿ. ಹಾಕಿಕೊಂಡು ಐಪಿಎಲ್. ಸಮುದ್ರವನ್ನು ಕಿಟಕಿಯಿಂದಲೇ ನೋಡಿ, ‘ಇದೆಯಲ್ಲ, ಎಲ್ಲಿ ಹೋಗುತ್ತೆ’ ಎಂದಿದ್ದರು. ನನಗೆ ಇದೆಲ್ಲ ಗೊತ್ತಿರುವುದು ಹೇಗೆಂದರೆ, 12 ಸೀಟಿನ ಗಾಡಿಯಲ್ಲಿ ಇವರ ಮನೆಯವರು 11 ಜನ. ಒಂದು ಸೀಟು ಖಾಲಿ ಹೋಗಬಾರದೆಂದು ಎದುರುಮನೆಯವನಾದ ನನ್ನನ್ನು ಹತ್ತಿಸಿಕೊಂಡಿದ್ದರು.

ಕೊನೆಯ ದಿನ ಶುರುವಾಗುವುದು ಬೆಳಿಗ್ಗೆ ಐದಕ್ಕೆ, ಬಾಗಿಲು ಬಡಿಯುವುದರಿಂದ. ‘ಏಳ್ರೋ, ಸಮುದ್ರದಲ್ಲಿ ಸೂರ್ಯೋದಯ ನೋಡದೆ ಹೋದ್ರೆ ಬಂದಿದ್ದು ದಂಡ!’ ಓಂ ಬೀಚಿನ ಮರಳಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಮೊಬೈಲನ್ನು ನೀರಿನ ಕಡೆ ಹಿಡಿದು ಕಾದರು. ಕಾಗೆ ಕೂಗಿತು. ಬೆಳಕಾಯಿತು. ಬೆನ್ನು ಬೆಚ್ಚಗಾಯಿತು. ‘ತಾತ, ಸೂರ್ಯ ಹಿಂದ್ಗಡೆ ಬಂದಿದ್ದಾನೆ’ ಎಂದ ಮೊಮ್ಮಗ. ತಿರುಗಿ ನೋಡಿದರೆ ಗುಡ್ಡ, ತೆಂಗು, ರೆಸಾರ್ಟಿನ ಜನರೇಟರ್ ಶೆಡ್ಡು, ಅದರ ನೆತ್ತಿಯ ಮೇಲೆ ಸೂರ್ಯನಾರಾಯಣ. ಅರಬ್ಬೀ ಸಮುದ್ರ ನಮಗೆ ಪಡುವಣ ಕಡಲು, ಅಲ್ಲಿ ಸೂರ್ಯ ಮುಳುಗುತ್ತಾನೆಯೇ ಹೊರತು ಹುಟ್ಟುವುದಿಲ್ಲ. ನಲವತ್ತು ವರ್ಷ ಮನೆಯ ವಿಳಾಸದಲ್ಲಿ ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂದು ಬರೆದ ಮನುಷ್ಯನಿಗೆ ಪಶ್ಚಿಮ ಯಾವ ಕಡೆ ಎಂಬುದನ್ನು ಗೋಕರ್ಣ ಕಲಿಸಬೇಕಾಯಿತು. ಆದರೆ ಲೆಕ್ಕಪತ್ರದವರು ಸುಲಭಕ್ಕೆ ಸೋಲುವವರೇ? ‘ಹಿಂದ್ಗಡೆ ಬಂದ್ರೇನು, ಬಂದನೋ ಇಲ್ವೋ!’ ಎಂದು ಜನರೇಟರ್ ಶೆಡ್ಡಿನ ಫೋಟೋವನ್ನೇ ಬಂಧುಗಳ ಗ್ರೂಪಿಗೆ ಹಾಕಿದರು.

ಆಮೇಲೆ ಸಮುದ್ರಸ್ನಾನ. ಮೊದಲ ಮೂರು ದಿನ ‘ಮುಂದೆ ಹೋಗ್ಬೇಡ್ರೋ, ಎಳ್ಕೊಂಡು ಹೋಗುತ್ತೆ’ ಎಂದು ಮಕ್ಕಳನ್ನು ನೀರಿಗೇ ಬಿಡದವರು ಈಗ ಅವನ್ನು ಮೇಲೇಳಲು ಬಿಡುತ್ತಿಲ್ಲ. ‘ಇನ್ನೂ ಅರ್ಧ ಗಂಟೆ ಇದೆ, ಆಡ್ರೋ! ಸುಮ್ನೆ ನಿಂತ್ಕೊಂಡ್ರೆ ಹೇಗೆ?’ ಮಕ್ಕಳ ತುಟಿ ನೀಲಿಯಾಗಿದೆ. ತಾವೂ ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಲ್ಲಿ ನಿಂತು ದೂರಕ್ಕೆ ನೋಡುತ್ತಿದ್ದರು. ಏನೋ ಘನವಾದ ಚಿಂತನೆ ನಡೆದಿದೆ ಎಂದುಕೊಂಡೆ. ‘ಇಷ್ಟೊಂದು ನೀರು... ಉಪ್ಪು ಒಂದಿಲ್ದಿದ್ರೆ’ ಎಂದರು. ನಗಬಾರದು. ನಮಗೆ ಕಣ್ಣೆದುರಿನ ನದಿ ಎಂದರೆ ಕೆಂಗೇರಿಯ ಹತ್ತಿರ ಮೂಗು ಮುಚ್ಚಿಕೊಂಡು ದಾಟುವ ವೃಷಭಾವತಿ. ಕಾವೇರಿ ಬರುವ ದಿನ ಸಂಪಿನ ಪಕ್ಕ ಜಾಗರಣೆ. 2024ರ ಬೇಸಿಗೆಯಲ್ಲಂತೂ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದಿತ್ತು ಜಲಮಂಡಳಿ. ಅಂಥ ಊರಿನವರು ಸಮುದ್ರ ನೋಡಿ ಟ್ಯಾಂಕರ್ ನೆನೆಸಿಕೊಂಡರೆ ತಪ್ಪಿಲ್ಲ.

ದೋಣಿಯವನೊಬ್ಬ ಬಂದು ಪ್ಯಾರಡೈಸ್ ಬೀಚಿಗೆ ಕರೆದುಕೊಂಡು ಹೋಗುತ್ತೇನೆಂದ. ಯಜಮಾನರ ಕಣ್ಣು ಅರಳುವುದರೊಳಗೆ ಅವರ ಹೆಂಡತಿ, ‘ಬೇಡಪ್ಪಾ, ಪವಿತ್ರ ಪ್ಯಾರಡೈಸು ನಮ್ಮನೆ ಹತ್ರಾನೇ ಇದೆ, ಬಸ್ ಸ್ಟಾಪು’ ಎಂದು ಅವನನ್ನು ಸಾಗಹಾಕಿದರು.

ರೂಮಿಗೆ ಬಂದರೆ ಗೀಸರ್ ಕಾದಿದೆ. ಸಮುದ್ರಸ್ನಾನ ಬೇರೆ, ‘ರೂಮಿನ ಬಿಸಿನೀರು’ ಬೇರೆ ಬಾಬ್ತು. ತಿಂಡಿಗೆ ಹಸಿವಿಲ್ಲದಿದ್ದರೂ ಮೂರು ಸುತ್ತು. ನಾಲ್ಕು ಬಾಳೆಹಣ್ಣು ಹೆಂಡತಿಯ ವ್ಯಾನಿಟಿ ಬ್ಯಾಗಿಗೆ. ಸೋಪು, ಶಾಂಪೂ, ಶವರ್ ಕ್ಯಾಪು, ಹೊಲಿಗೆ ದಾರದ ಕಿಟ್ಟು ಎಲ್ಲವೂ ಸೂಟ್‌ಕೇಸಿಗೆ. ಮನೆಯ ಬೀರುವಿನಲ್ಲಿ ಊಟಿಯ ಸೋಪು, ಮಡಿಕೇರಿಯ ಸೋಪು ಹಾಗೇ ಇವೆ. ‘ನೆಂಟರು ಬಂದಾಗ ಬೇಕಾಗುತ್ತೆ’ ಎನ್ನುತ್ತಾರೆ. ನೆಂಟರಿಗೆ ಕೊಟ್ಟಿದ್ದನ್ನು ಮಾತ್ರ ಯಾರೂ ಕಂಡಿಲ್ಲ.

ನಿಜವಾದ ಕಥೆ ಗಾಡಿ ಹತ್ತಿದ ಮೇಲೆ. ಟಿ.ಟಿ. ಬಾಡಿಗೆಯ ಒಳಗುಟ್ಟು ತಿಳಿಯದವರಿಗೆ ಯಜಮಾನರ ಸಂಕಟ ಅರ್ಥವಾಗದು. ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಎಂದು ಮಾತು. ಓಡಿದರೂ ಅಷ್ಟು, ನಿಂತರೂ ಅಷ್ಟು. ನಾಲ್ಕು ದಿನಕ್ಕೆ 1200. ಹೋಗಿಬರಲು ಹೆಚ್ಚುಕಡಿಮೆ ಸಾವಿರ. ‘ಇನ್ನಿನ್ನೂರು ಎಲ್ಲಿ ಹೋಯ್ತು, ಹೇಳಿ?’ ಎಂದು ನನ್ನನ್ನೇ ಕೇಳಿದರು, ನಾನೇ ತಿಂದುಬಿಟ್ಟಂತೆ. ಜೊತೆಗೆ ಇನ್ನೊಂದು ಕತ್ತಿ: ರಾತ್ರಿ 12 ದಾಟಿದರೆ ಮತ್ತೊಂದು ದಿನದ ಬಾಡಿಗೆ, ಡ್ರೈವರ್ ಬಾಟಾ ಬೇರೆ. ಇನ್ನೂರು ಕಿಲೋಮೀಟರನ್ನೂ ಮುಗಿಸಬೇಕು, ಹನ್ನೆರಡರೊಳಗೆ ಮನೆಯನ್ನೂ ಸೇರಬೇಕು. ಈ ಸಮೀಕರಣಕ್ಕೆ ಯಜಮಾನರ ಬಳಿ ಇದ್ದ ಮಂತ್ರ ಒಂದೇ: ‘ದಾರೀಲೇ ಇದೆಯಲ್ಲ, ನೋಡ್ಕೊಂಡೇ ಹೋಗೋಣ!’

ಮಿರ್ಜಾನ್ ಕೋಟೆ ದಾರಿಯಲ್ಲೇ ಇತ್ತು. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. ಅರ್ಧ ಶತಮಾನ ಆಳಿದವಳಿಗೆ ನಾವು ಕೊಟ್ಟಿದ್ದು ಹತ್ತು ನಿಮಿಷ, ಒಂದು ಗ್ರೂಪ್ ಫೋಟೋ. ಕುಮಟಾದಲ್ಲಿ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕಿದ್ದ ಸಿಹಿ ಈರುಳ್ಳಿ ಕಂಡಿತು. ಬೆಲೆ ಕೇಳಿ, ‘ನಮ್ಮ ಯಶವಂತಪುರದ ಮಾರ್ಕೆಟ್ಟಲ್ಲಿ ಇದರರ್ಧಕ್ಕೆ ಸಿಗುತ್ತಮ್ಮಾ’ ಎಂದರು. ‘ಹಂಗಾದ್ರೆ ಅಲ್ಲೇ ತಕಳಿ’ ಎಂದಳು ಆಕೆ, ತಲೆಯೂ ಎತ್ತದೆ. ಆರು ಜಡೆ ಕೊಂಡರು. ಒಳಗೆ ಜಾಗವಿಲ್ಲದ್ದರಿಂದ ಅವು ಪರದೆಯ ಸರಳಿನ ಮೇಲೆ ಒದ್ದೆ ಟವೆಲ್ಲುಗಳ ಪಕ್ಕ ತೂಗಾಡತೊಡಗಿದವು. ಹೊನ್ನಾವರದಲ್ಲಿ ಊಟ. ಅಪ್ಸರಕೊಂಡ, ಇಡಗುಂಜಿ ಎಂದು ಬಾಯಿ ತೆರೆದಾಗ, ಅದು ದಾರಿಯಲ್ಲಿಲ್ಲ, ದಕ್ಷಿಣಕ್ಕಿದೆ ಎಂದು ಡ್ರೈವರ್ ಎಡಕ್ಕೆ, ಘಟ್ಟದ ರಸ್ತೆಗೆ ತಿರುಗಿಸಿಯೇಬಿಟ್ಟ. ದಿಕ್ಕಿನ ವಿಷಯದಲ್ಲಿ ಬೆಳಿಗ್ಗೆ ಪೆಟ್ಟು ತಿಂದಿದ್ದ ಯಜಮಾನರು ಸುಮ್ಮನಾದರು.

ಜೋಗ ಮಾತ್ರ ಬಿಡುವ ಮಾತೇ ಇಲ್ಲ. 830 ಅಡಿ. ಆದರೆ ಮೇ ತಿಂಗಳು. ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿ ಬೇಸಿಗೆಯಲ್ಲಿ ಪ್ರವಾಸಿಗಳಿಗಿಂತ ಕರೆಂಟಿಗೆ ಹೆಚ್ಚು ನಿಷ್ಠಳು. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ರಜೆಯಲ್ಲಿದ್ದರು. ಕಪ್ಪು ಬಂಡೆಯ ಮೇಲೆ ಒಂದು ಒದ್ದೆ ಗೆರೆ. ‘ಇದನ್ನ ನೋಡಕ್ಕೇನ್ರೀ ಬಂದಿದ್ದು?’ ಎಂದರು ಹೆಂಡತಿ. ಯಜಮಾನರು ಕಂಬಿ ಹಿಡಿದು ಬಹಳ ಹೊತ್ತು ನೋಡಿದರು. ‘ನೀರಿದ್ದಿದ್ರೆ ಬಂಡೆ ಕಾಣ್ತಿತ್ತಾ?’ ಎಂದರು.

ಶಿವಮೊಗ್ಗ ದಾಟಿದ ಮೇಲೆ ಕತ್ತಲು. ಸಾಫ್ಟ್‌ವೇರ್ ಮಗ ಹಿಂದಿನ ಸೀಟಿನಿಂದ ಒಂದು ವಿಷಯ ತೆಗೆದ. 2002ರಲ್ಲಿ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದಾರಂತೆ: ಮನಸ್ಸು ಅನುಭವವನ್ನೆಲ್ಲ ಕೂಡಿಸಿ ಇಟ್ಟುಕೊಳ್ಳುವುದಿಲ್ಲ, ಅದರ ತುತ್ತತುದಿಯನ್ನೂ ಕೊನೆಯನ್ನೂ ಮಾತ್ರ ಇಟ್ಟುಕೊಳ್ಳುತ್ತದೆ. ‘ನಾನು ಬೆಳಿಗ್ಗೆಯಿಂದ ಹೇಳ್ತಿರೋದೂ ಅದೇ, ಕೊನೇ ದಿನವೇ ಮುಖ್ಯ’ ಎಂದರು ಯಜಮಾನರು, ನೊಬೆಲ್ ತಮಗೇ ಬಂದಂತೆ. ‘ಹಾಗಾದ್ರೆ ನನಗೆ ಸಾಯೋವರೆಗೂ ಗೋಕರ್ಣ ಅಂದ್ರೆ ಈ ಈರುಳ್ಳಿ ವಾಸನೇನೇ’ ಎಂದರು ಹೆಂಡತಿ. ಆ ಚರ್ಚೆ ಅರಸೀಕೆರೆಯವರೆಗೆ ಮುಂದುವರಿಯಲಿಲ್ಲ, ಎಲ್ಲರೂ ಮಲಗಿದ್ದರು. ಎಚ್ಚರವಿದ್ದವರು ಡ್ರೈವರ್ ಮತ್ತು ಯಜಮಾನರು. ಒಬ್ಬರ ಕಣ್ಣು ರಸ್ತೆಯ ಮೇಲೆ, ಇನ್ನೊಬ್ಬರ ಕಣ್ಣು ಗಡಿಯಾರದ ಮೇಲೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲ್ ಬಾಗಿಲು ಹಾಕಿದ್ದನ್ನು ಕಂಡು ಒಂದು ನಿಟ್ಟುಸಿರು ಬಿಟ್ಟರು, ಅಷ್ಟೆ.

ನೆಲಮಂಗಲದವರೆಗೆ ಎಲ್ಲ ಲೆಕ್ಕದಂತೆಯೇ ಇತ್ತು. ಗೊರಗುಂಟೆಪಾಳ್ಯದಲ್ಲಿ ರಾತ್ರಿಗೆ ಊರೊಳಗೆ ನುಗ್ಗುವ ಲಾರಿಗಳ ಸಾಲು. ಗಾಡಿ ಮನೆ ಮುಂದೆ ನಿಂತಾಗ 12 ಗಂಟೆ 8 ನಿಮಿಷ. ಮಕ್ಕಳು ಇಳಿದವು, ಮರಳು ಇಳಿಯಿತು, ಈರುಳ್ಳಿ ಇಳಿಯಿತು.

‘ಎಂಟೇ ನಿಮಿಷ ಅಲ್ವೇನಪ್ಪಾ?’ ಎಂದರು ಯಜಮಾನರು.

‘ಎಂಟಲ್ಲ ಸಾರ್. ಲೆಕ್ಕ ಶೆಡ್ಡಿಂದ ಶೆಡ್ಡಿಗೆ. ಶೆಡ್ಡಿರೋದು ಕೆಂಗೇರೀಲಿ. ನಾನು ಅಲ್ಲಿಗೆ ಹೋಗೋಷ್ಟೊತ್ತಿಗೆ ಒಂದು ಗಂಟೆ ಆಗುತ್ತೆ.’

‘ಅಂದ್ರೆ ಇವತ್ತಿಂದೂ ಪೂರ್ತಿ ದಿನದ ಬಾಡಿಗೆ?’

‘ಓನರ್ ರೂಲ್ಸು ಸಾರ್.’

ಯಜಮಾನರು ಒಂದು ಕ್ಷಣ ಯೋಚಿಸಿದರು. ಮುಖದಲ್ಲಿ ಬೆಳಗಿನ ಅದೇ ಕಳೆ. ‘ಲೇ, ಚೀಲ ಇಳಿಸ್ಬೇಡ’ ಎಂದು ಹೆಂಡತಿಯನ್ನು ಕೂಗಿ, ಡ್ರೈವರ್ ಕಡೆ ತಿರುಗಿದರು. ‘ಮತ್ತೆ ಮುನ್ನೂರು ಕಿಲೋಮೀಟರ್ ಸಿಕ್ತಲ್ಲಪ್ಪಾ! ಇಲ್ಲೇ ಮಲಗಿ ಬೆಳಿಗ್ಗೆ ಆರಕ್ಕೆ ಹೊರಟುಬಿಡೋಣ. ಮಾಗಡಿ ರೋಡಲ್ಲಿ ಸಾವನದುರ್ಗ. ನೀನು ಕೆಂಗೇರಿಗೆ ಹೋಗೋ ದಾರೀಲೇ ಇದೆಯಲ್ಲ!’

ಡ್ರೈವರ್ ಏನೂ ಮಾತಾಡಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿದ್ದ ಟ್ರಿಪ್ ಶೀಟು ತೆಗೆದು, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ಎಳೆದು, ಬರೆದು ತೋರಿಸಿದ: ‘ಶೆಡ್ ತಲುಪಿದ್ದು ರಾತ್ರಿ 11.45. ಸೈನ್ ಮಾಡಿ ಸಾರ್.’