ಎಣ್ಣೆಯಲ್ಲಿ ಕಣ್ಣು

ಲೋಕದ ಜನರು ಬೆಲೆಬಾಳುವ ವಸ್ತುವನ್ನು ಕಾಯಬೇಕಾದಾಗ ಕಣ್ಣಿನಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವರೆಂಬುದು ಪ್ರಸಿದ್ಧವಾದ ಮಾತು. ಆದರೆ ಎಣ್ಣೆಯಲ್ಲಿಯೇ ಕಣ್ಣು ಬಿಟ್ಟುಕೊಂಡು ಕಾಯುವ ಮಹನೀಯರನ್ನು ಕಾಣಬೇಕೆಂಬ ಅಪೇಕ್ಷೆಯುಳ್ಳವರು ದೇವದುರ್ಗ ತಾಲೂಕಿನ ಮಸರಕಲ್ಲಿಗೆ ಬಂದು, ನಮ್ಮ ಓಣಿಯ ನಿವೃತ್ತ ಮುಖ್ಯೋಪಾಧ್ಯಾಯರ ಅಂಗಳದೆದುರು ಸೂರ್ಯೋದಯಕ್ಕೆ ಮುಂಚೆ ನಿಲ್ಲತಕ್ಕದ್ದು. ಈ ಜಾತಿಯವರು ಮಾನ್ವಿಯಲ್ಲಿಯೂ ಉಂಟು, ರಾಯಚೂರಿನಲ್ಲಿ ಬೀದಿಗೊಬ್ಬರಂತೆ ಉಂಟು. ಆದರೂ ನಮ್ಮ ಮಾಸ್ತರರಲ್ಲಿ ಆ ಗುಣವು ಪರಾಕಾಷ್ಠೆಯನ್ನು ಮುಟ್ಟಿರುವುದೆಂಬ ಗ್ರಾಮಾಭಿಮಾನ ನನಗಿದೆ.

ಹತ್ತಿ ಮಾರಿದ ಹಣದಲ್ಲಿ ಸಂಕ್ರಾಂತಿಯ ಮರುದಿನ ಕೊಂಡು ತಂದ 100 ಸಿ.ಸಿ.ಯ ಆ ಮೋಟಾರು ಸೈಕಲ್ಲಿನ ಚಕ್ರದಡಿಯಲ್ಲಿ ನಿಂಬೆಹಣ್ಣು ಅಪ್ಪಚ್ಚಿಯಾದ ಗಳಿಗೆಯಿಂದ ಮಾಸ್ತರರ ದಿನಚರಿಯೇ ಬದಲಾಯಿತು. ಎಣ್ಣೆಯ ಮಟ್ಟವನ್ನು ನೋಡಬೇಕಾದರೆ ಗಾಡಿಯು ನೆಟ್ಟಗೆ ನಿಂತಿರಬೇಕು, ಓರೆ ಸ್ಟ್ಯಾಂಡಿನ ಮೇಲೆ ವಾಲಿದ ಗಾಡಿ ಸುಳ್ಳು ಹೇಳುವುದು ಎಂಬುದನ್ನು ಕೈಪಿಡಿಯಲ್ಲಿ ಓದಿದವರೇ, ತಮ್ಮ ಅಂಗಳದ ಶಹಾಬಾದ್ ಪರಸಿಯ ಸಮತಲತ್ವದ ಮೇಲೆಯೇ ಸಂಶಯಗೊಂಡು, ಗೌಂಡಿಯಿಂದ ರಸಮಟ್ಟವನ್ನು ಎರವಲು ತಂದು, ಅಂಗೈಯಗಲದ ನಿರ್ದುಷ್ಟ ಸ್ಥಳವೊಂದನ್ನು ಪತ್ತೆಹಚ್ಚಿ, ಅಲ್ಲಿ ಸುಣ್ಣದ ಗೆರೆ ಎಳೆದರು. ಆ ಗೆರೆಯೊಳಗೆ ಗಾಡಿಯನ್ನು ನಡುಸ್ಟ್ಯಾಂಡಿಗೆ ಏರಿಸಿ, ಇಂಜಿನ್ನನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಮೇಲೇರಿದ ಎಣ್ಣೆ ತಳಕ್ಕಿಳಿಯುವ ತನಕ ಸಂಧ್ಯಾವಂದನೆಗೆ ಕುಳಿತವರಂತೆ ಮೌನವಾಗಿದ್ದು, ಬಳಿಕ ಕಡ್ಡಿಯನ್ನು ತಿರುಪಿ ತೆಗೆದು, ಹಳೆಯ ಧೋತರದ ಬಿಳಿಯ ತುಂಡಿನಿಂದ ಒರೆಸಿ, ಮರಳಿ ಅದ್ದಿ, ಬೆಳಕಿಗೆ ಹಿಡಿದು, ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಎಣ್ಣೆಯು ಎಲ್ಲಿ ವಿರಾಜಮಾನವಾಗಿದೆಯೆಂಬುದನ್ನು ಹಾಜರಿ ಪುಸ್ತಕದಂಥ ಒಂದು ವಹಿಯಲ್ಲಿ ದಾಖಲಿಸುವರು. ದಿನಾಂಕ, ಕಿಲೋಮೀಟರು, ಮಟ್ಟ, ವರ್ಣ, ಷರಾ ಎಂದು ಐದು ಅಂಕಣಗಳು. ಇದು ಮುಂಜಾನೆಯದು, ಮಧ್ಯಾಹ್ನಕ್ಕೂ ಸಾಯಂಕಾಲಕ್ಕೂ ಇದರದೇ ಪುನರಾವೃತ್ತಿ.

ಅವರ ಕಳವಳಕ್ಕೆ ಆಧಾರವೇ ಇಲ್ಲವೆನ್ನಲಾಗದು. ಹೊಸ ಕೆರ ಕಾಲನ್ನು ಕಚ್ಚುವಂತೆ ಹೊಸ ಇಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳೂ ಸಿಲಿಂಡರಿನ ಒಳಗೋಡೆಯೂ ಒಂದನ್ನೊಂದು ಉಜ್ಜಿಕೊಂಡು ಒಗ್ಗಿಕೊಳ್ಳುವ ತನಕ ತುಸು ಎಣ್ಣೆ ಮೇಲೇರಿ ಉರಿದುಹೋಗುವುದೂ, ಸವೆದ ಲೋಹದ ಸೂಕ್ಷ್ಮ ಕಣಗಳು ಎಣ್ಣೆಯಲ್ಲಿ ಸೇರುವುದೂ ಸಹಜ. ಮೊದಲ ಸರ್ವಿಸಿನಲ್ಲಿಯೇ ಎಣ್ಣೆ ಬದಲಿಸುವುದು ಆ ಕಾರಣಕ್ಕಾಗಿಯೇ. ಆದರೆ ಮಾಸ್ತರರ ವ್ಯಥೆಯ ಮೂಲ ಇನ್ನೂ ಹಿಂದಿನದು. 1961ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ತೆರೆದ ಐಡಿಯಲ್ ಜಾವಾದವರ ಗಾಡಿಯೊಂದು ಅವರ ಸೋದರಮಾವನಲ್ಲಿತ್ತು. ಅದು ಪೆಟ್ರೋಲಿನೊಡನೆಯೇ ಎಣ್ಣೆ ಬೆರೆಸಿ ಹೊಯ್ಯಬೇಕಾದ ಎರಡು ಸ್ಟ್ರೋಕಿನ ಯಂತ್ರ. ಹೊಯ್ದ ಎಣ್ಣೆಯೆಲ್ಲವೂ ನೀಲಿ ಹೊಗೆಯಾಗಿ ಆಕಾಶಕ್ಕೆ ಸಲ್ಲುವುದನ್ನು ಬಾಲ್ಯದಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಕಣ್ಣಾರೆ ಕಂಡ ಜೀವಕ್ಕೆ, ನಾಲ್ಕು ಸ್ಟ್ರೋಕಿನ ಗಾಡಿಯ ಎಣ್ಣೆ ತಳದಲ್ಲಿಯೇ ನಿಂತಿರುವುದೆಂದರೆ ನಂಬಿಕೆ ಹೇಗೆ ಬರಬೇಕು?

ಹೀಗೆ ನೋಡುವ ಗಾಡಿಯನ್ನು ಅವರು ಓಡಿಸುವುದು ಅಪರೂಪ. ಓಡಿಸಿದರೂ ವೇಗ ನಲವತ್ತನ್ನು ಮೀರದು, ಗಬ್ಬೂರಿನ ಹಾದಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನು ಅವರನ್ನು ದಾಟಿಹೋಗಿ, ಹಿಂತಿರುಗಿ ನೋಡಿ, "ಸರ, ಗಾಡಿ ಕೆಟ್ಟೈತೇನ್ರೀ?" ಎಂದು ಕೇಳಿದ್ದುಂಟು. ಒಮ್ಮೆ ನಾವಿಬ್ಬರೂ ರಾಯಚೂರಿನ ಕೋಟೆಯ ಗೋಡೆಯೆದುರು ನಿಂತಿದ್ದೆವು. 1294ರ ಶಾಸನವನ್ನು ಹೊತ್ತ ನಲವತ್ತೊಂದು ಅಡಿಗೂ ಮಿಕ್ಕ ಆ ಮಹಾಶಿಲೆಯನ್ನೂ, ಅದನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲಿನಿಂದ ಎಳೆಸಿ ತಂದ ಪರಿಯನ್ನು ತೋರಿಸುವ ರೇಖಾಚಿತ್ರವನ್ನೂ ನಾನು ವಿಸ್ಮಯದಿಂದ ನೋಡುತ್ತಿರಲು, ಮಾಸ್ತರರು ನಿಟ್ಟುಸಿರಿಟ್ಟು, "ಇಷ್ಟೆಲ್ಲ ಬರದಾರ, ಅಚ್ಚಿಗೆ ಎಷ್ಟು ಕೀಲೆಣ್ಣಿ ಹಾಕಿದ್ರಂತ ಮಾತ್ರ ಬರದಿಲ್ಲ" ಎಂದರು.

ಮನೆಯಲ್ಲಿ ಶಾಂತಿಯಿತ್ತೆಂದು ಹೇಳಲಾರೆ. "ಹೊತ್ತು ಮುಳುಗಿದ ಕೂಡ್ಲೆ ಎಣ್ಣಿ ಎಣ್ಣಿ ಅಂತ ಅಂಗಳದಾಗ ಒದರಬ್ಯಾಡ್ರಿ, ಓಣ್ಯಾಗಿನ ಮಂದಿ ಏನ್ ತಿಳ್ಕೊಂಡಾರು!" ಎಂಬುದು ಗೃಹಿಣಿಯ ನಿತ್ಯದ ಆಕ್ಷೇಪಣೆ. ಅದಕ್ಕಿಂತಲೂ ಘೋರವಾದುದು ಮಿಸ್ತ್ರಿಯೊಡನೆ ಎದ್ದ ಶಾಸ್ತ್ರಾರ್ಥ: ಕಡ್ಡಿಯನ್ನು ಅದ್ದಿದ ಮೇಲೆ ತಿರುಪಬೇಕೋ, ತಿರುಪದೆ ಸುಮ್ಮನೆ ಕೂರಿಸಬೇಕೋ? ತಿರುಪಿದರೆ ಕಡ್ಡಿ ಆಳಕ್ಕಿಳಿದು ಎಣ್ಣೆ ಹೆಚ್ಚೆಂದು ತೋರುವುದು, ತಿರುಪದಿದ್ದರೆ ಕಡಿಮೆಯೆಂದು ತೋರುವುದು. ಕೈಪಿಡಿಯು ತಿರುಪಬಾರದೆಂದಿತು, ಮಿಸ್ತ್ರಿಯು ಮೂವತ್ತು ವರ್ಷ ತಿರುಪಿಯೇ ನೋಡಿದವನು. ಶ್ರುತಿಯೂ ಸ್ಮೃತಿಯೂ ಭಿನ್ನವಾದಾಗ ಶ್ರುತಿಯೇ ಪ್ರಮಾಣವೆಂದು ಮಾಸ್ತರರು ಕೈಪಿಡಿಯ ಪಕ್ಷ ಹಿಡಿದರು. ಗಾಡಿಯ ಮಟ್ಟಿಗೆ ಅವರೇ ಸರಿ.

ಐವತ್ತನೆಯ ದಿನ ಅನಾಹುತವೊದಗಿತು. ಎಣ್ಣೆ ಇಳಿದಿತ್ತು. ಸೋರಿಕೆಯ ಕಲೆಯಿಲ್ಲ, ಹೊಗೆಯಿಲ್ಲ, ಓಡಿದ್ದು ಕೇವಲ 188 ಕಿಲೋಮೀಟರು. ಸಾವಿನ ಸುದ್ದಿ ತಂದವರಂತೆ ಮಾಸ್ತರರು ವಹಿಯನ್ನು ಕಂಕುಳಲ್ಲಿರಿಸಿಕೊಂಡು ಗ್ಯಾರೇಜಿಗೆ ನಡೆದರು. ಮಿಸ್ತ್ರಿಯು ಪುಟಗಳನ್ನು ಸಾವಕಾಶವಾಗಿ ಮಗುಚಿ, ದಿನಕ್ಕೆ ಮೂರು ಸಲ, ಸಲಕ್ಕೆ ಎರಡು ಒರೆಸು, ಐವತ್ತು ದಿನಕ್ಕೆ ಮುನ್ನೂರು. ಒರೆಸಿಗೆ ನಾಲ್ಕು ಹನಿಯಂತೆ ಸಾವಿರದ ಇನ್ನೂರು ಹನಿ, ಅಂದರೆ ಸುಮಾರು 60 ಮಿಲಿಲೀಟರು, ಹೋಟೆಲಿನ ಒಂದು ಸಣ್ಣ ಚಹಾ ಎಂದು, ಗಣಿತದ ಮಾಸ್ತರರಿಗೇ ಗಣಿತ ಕಲಿಸಿ, ಕಡೆಗೆ ಇಷ್ಟೇ ಅಂದನು:

"ಎಣ್ಣಿ ಇಂಜಿನ್ ಕುಡದಿಲ್ರೀ ಸರ. ನಿಮ್ಮ ಅರಿವಿ ಕುಡದೈತಿ."

ಮರುದಿನದಿಂದ ಅರಿವೆಗೆ ನಿವೃತ್ತಿಯಾಯಿತು. ಕಡ್ಡಿಯನ್ನು ರಂಧ್ರದ ಬಾಯಿಗೆ ಮೆಲ್ಲಗೆ ತಟ್ಟಿ ತಟ್ಟಿ, ಕೊನೆಯ ಬಿಂದುವನ್ನೂ ಒಳಗೆ ಬೀಳಿಸಿಯೇ ಮುಂದಿನ ಕಾರ್ಯ.

ಇನ್ನುಳಿದದ್ದು ಮೊದಲ ಸರ್ವಿಸಿನ ಪ್ರಶ್ನೆ. ಐನೂರು ಕಿಲೋಮೀಟರು ತುಂಬದಿದ್ದರೂ ಅವಧಿ ತುಂಬುತ್ತ ಬಂದಿದ್ದುದರಿಂದ ಗಾಡಿಯನ್ನು ತರಬಹುದೇ ಎಂದು ವಿಚಾರಿಸಲು ಮಾಸ್ತರರು ರಾಯಚೂರಿಗೆ ಹೊರಟರು; ವೃಥಾ ಗಾಡಿ ಸವೆಯಬಾರದೆಂದು ಸರಕಾರಿ ಬಸ್ಸಿನಲ್ಲಿ. ಚಾಲಕನ ಬೆನ್ನಿಗೇ ಇದ್ದ ಸೀಟಿನಲ್ಲಿ ಕುಳಿತು, ಇಂಜಿನ್ನಿನ ಸದ್ದಿಗೆ ಬಹಳ ಹೊತ್ತು ಕಿವಿಗೊಟ್ಟು, ಕಡೆಗೆ ತಡೆಯಲಾರದೆ ಮುಂದಕ್ಕೆ ಬಾಗಿ, "ತಮ್ಮಾ, ಮುಂಜಾನಿ ಎಣ್ಣಿ ನೋಡೀಯೇನಪಾ?" ಎಂದರು.

"ಡಿಪೋದಾಗ ನೋಡ್ತಾರ್ರೀ ಯಜಮಾನ್ರ" ಎಂದನು ಅವನು, ಹಾದಿಯಿಂದ ಕಣ್ಣು ತೆಗೆಯದೆ.

ಮಾಸ್ತರರು ಚೀಲದಿಂದ ವಹಿಯನ್ನು ತೆಗೆದು, ಬಸ್ಸಿನ ಕುಲುಕಾಟದಲ್ಲಿಯೂ ಅಕ್ಷರ ಕೆಡದಂತೆ, ಷರಾ ಎಂಬ ಅಂಕಣದಲ್ಲಿ "ಚಾಲಕ ಸ್ವತಃ ನೋಡಿಲ್ಲ" ಎಂದು ಬರೆದುಕೊಂಡರು.